ಮೇಷ್ಟರು ತಮ್ಮ ತರಗತಿಯನ್ನೇ ಓದಿದರೆ?

ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರು ಸಂಶೋಧನೆ ಮಾಡುವುದಿಲ್ಲ ಎಂದು ಯಾರಾದರೂ ಅಂದರೆ ಅದು ಪೂರ್ತಿ ನಿಜವಲ್ಲ. ಶಾಸನಗಳ ಮೇಲೆ, ಹೊಳೆಯ ಮೀನುಗಳ ಮೇಲೆ, ಸಹಕಾರ ಸಂಘಗಳ ಸಾಲ ವಸೂಲಿಯ ಮೇಲೆ ಮಾಡುತ್ತಲೇ ಇದ್ದಾರೆ. ಪಿಎಚ್.ಡಿ. ಇಲ್ಲದೆ ಒಂದು ಹಂತದಿಂದ ಮೇಲಕ್ಕೆ ಬಡ್ತಿ ಇಲ್ಲವಾದ್ದರಿಂದ ಮಾಡದೆ ವಿಧಿಯೂ ಇಲ್ಲ. ಆದರೆ ಅದೇ ಅಧ್ಯಾಪಕರನ್ನು, ತಾವು ದಿನಾ ನಿಂತು ಮಾತಾಡುವ ಕೋಣೆಯಲ್ಲಿ ಏನು ನಡೆಯುತ್ತಿದೆ, ಹೇಳಿದ್ದರಲ್ಲಿ ಎಷ್ಟು ತಲುಪಿತು, ಎಷ್ಟು ನಡುದಾರಿಯಲ್ಲಿ ಸೋರಿಹೋಯಿತು ಎಂದು ಕೇಳಿ ನೋಡಿ. ಉತ್ತರ ಬಹುಮಟ್ಟಿಗೆ ಒಂದೇ: ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ ಸಾರ್.’ ಮೀನಿನ ಬಗ್ಗೆ ಪುರಾವೆಯಿಲ್ಲದೆ ಒಂದು ವಾಕ್ಯ ಬರೆಯದವರು ತಮ್ಮ ವಿದ್ಯಾರ್ಥಿಗಳ ಬಗ್ಗೆ ಇಷ್ಟು ಸಲೀಸಾಗಿ ತೀರ್ಪು ಕೊಟ್ಟುಬಿಡುತ್ತಾರೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಈ ಕತ್ತಲೆಗೆ ಬೆಳಕು ಹಿಡಿಯಬೇಕಾದವರು ಸ್ವತಃ ಅಧ್ಯಾಪಕರೇ ಎಂದು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್. ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿದ್ದ ಅವರು 1975ರಲ್ಲಿ ಪಠ್ಯಕ್ರಮದ ಬಗ್ಗೆ ಒಂದು ಪುಸ್ತಕ ಬರೆದರು. ಹೊರಗಿನ ತಜ್ಞರು ಬಂದು ಶಿಕ್ಷಕರನ್ನು ಪರೀಕ್ಷಿಸಿ ಹೋಗುವುದಷ್ಟೇ ಸಾಲದು, ಶಿಕ್ಷಕರೇ ತಮ್ಮ ಕೆಲಸವನ್ನು ಪರೀಕ್ಷಿಸಬೇಕು ಎಂಬುದು ಅವರ ವಾದ. ಹುಡುಕಾಟ ಕ್ರಮಬದ್ಧವಾಗಿರಬೇಕು, ಕಂಡದ್ದನ್ನು ನಾಲ್ಕು ಜನರ ಮುಂದೆ ಇಡಬೇಕು, ಇಷ್ಟಾದರೆ ಅದು ಸಂಶೋಧನೆಯೇ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ಶಾಲೆಯ ಮೇಷ್ಟರು. ಉನ್ನತ ಶಿಕ್ಷಣದ ಮಟ್ಟಿಗೆ ಇಂಥ ಮಾತನ್ನು 1990ರಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದ ಅರ್ನೆಸ್ಟ್ ಬಾಯರ್ ಎತ್ತಿದರು. ಪಾಠ ಹೇಳುವುದೂ ವಿದ್ವತ್ತಿನ ಒಂದು ಬಗೆ, ಅದಕ್ಕೂ ಮನ್ನಣೆ ಬೇಕು ಎಂಬುದು ಅವರ ವರದಿಯ ಸಾರ.

ಸಿದ್ಧಾಂತ ಹಾಗಿರಲಿ. ತರಗತಿಯನ್ನು ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ಯೂರಿ ಟ್ರೈಸ್‌ಮನ್ ಅವರದು ಒಳ್ಳೆಯ ಉದಾಹರಣೆ. 1970ರ ದಶಕದಲ್ಲಿ ಅವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಸಹಾಯಕ ಬೋಧಕರಿಗೆ ತರಬೇತಿ ಕೊಡುತ್ತಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದಾಗ ಬಂದ ಉತ್ತರಗಳು ನಮಗೂ ಚಿರಪರಿಚಿತ. ಉತ್ಸಾಹವಿಲ್ಲ, ತಳಪಾಯ ಗಟ್ಟಿಯಿಲ್ಲ, ಮನೆಯಲ್ಲಿ ಬೆಂಬಲವಿಲ್ಲ, ಬಡತನ.

ಟ್ರೈಸ್‌ಮನ್ ಈ ಉತ್ತರಗಳನ್ನು ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಎರಡೂ ಗುಂಪುಗಳಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರು ಎಲ್ಲಿ ಓದುತ್ತಾರೆ, ಹೇಗೆ ಓದುತ್ತಾರೆ, ಲೆಕ್ಕ ಬಾರದಿದ್ದಾಗ ಏನು ಮಾಡುತ್ತಾರೆ ಎಂದು ಅವರ ಜೊತೆಗೇ ಇದ್ದು ನೋಡಿದರು. ಅಧ್ಯಾಪಕರ ಊಹೆಗಳು ಒಂದೊಂದಾಗಿ ಬಿದ್ದವು. ಕಪ್ಪು ವಿದ್ಯಾರ್ಥಿಗಳ ಮನೆಯವರಿಗೆ ಮಕ್ಕಳ ಓದಿನ ಬಗ್ಗೆ ಅಪಾರ ಕಾಳಜಿಯಿತ್ತು. ಒಳ್ಳೆಯ ಅಂಕ ಪಡೆದು ಬಂದವರೂ ಸೋಲುತ್ತಿದ್ದರು. ವ್ಯತ್ಯಾಸವಿದ್ದದ್ದು ಬೇರೆ ಕಡೆ. ಚೀನೀ ಹುಡುಗರು ಮೊದಲು ತಾವು ತಾವೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು, ಊಟದ ಜೊತೆಗೇ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಾನು ಎಲ್ಲಿದ್ದೇನೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿರುತ್ತಿತ್ತು. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಗಂಟೆ ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಯಾರ ಹಂಗೂ ಇಲ್ಲದೆ ಒಂಟಿಯಾಗಿ ಓದಿಯೇ ಅವರು ಶಾಲೆಯಲ್ಲಿ ಮುಂದೆ ಬಂದಿದ್ದವರು. ಮೇಲೆತ್ತಿದ ಆ ಗುಣವೇ ಇಲ್ಲಿ ಅವರನ್ನು ಮುಳುಗಿಸುತ್ತಿತ್ತು.

ಇದನ್ನು ಕಂಡುಕೊಂಡ ಮೇಲೆ ಅವರು ಮಾಡಿದ್ದು ಹಿಂದುಳಿದವರ ವಿಶೇಷ ತರಗತಿಯನ್ನಲ್ಲ. ಕಠಿಣ ಲೆಕ್ಕಗಳನ್ನು ಸಣ್ಣ ಸಣ್ಣ ಗುಂಪಾಗಿ ಬಿಡಿಸುವ ಕಮ್ಮಟಗಳನ್ನು ಮಾಡಿದರು. ಅದರಲ್ಲಿ ಕೂತ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿತು. ನೋಡದೆ ಇದ್ದಿದ್ದರೆ ‘ಆಸಕ್ತಿಯಿಲ್ಲ’ ಎಂಬ ಷರಾದೊಂದಿಗೆ ಇನ್ನಷ್ಟು ವರ್ಷ ಇನ್ನಷ್ಟು ಹುಡುಗರು ಮನೆಗೆ ಹೋಗುತ್ತಿದ್ದರು.

ಸೋಲುವವರ ತರಗತಿಯಲ್ಲಿ ಮಾತ್ರ ಇದು ಬೇಕು ಅಂದುಕೊಳ್ಳಬೇಡಿ. ಹಾರ್ವರ್ಡ್‌ನ ಎರಿಕ್ ಮಝೂರ್ 1984ರಿಂದ ಭೌತಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳು ಕ್ಲಿಷ್ಟ ಲೆಕ್ಕಗಳನ್ನು ಬಿಡಿಸುತ್ತಿದ್ದರು, ಮೇಷ್ಟರ ಬಗ್ಗೆ ಒಳ್ಳೆಯ ಅಭಿಪ್ರಾಯ ಬರೆಯುತ್ತಿದ್ದರು. 1990ರಲ್ಲಿ ಅವರು ಹಲೂನ್ ಮತ್ತು ಹೆಸ್ಟೆನೆಸ್ ಎಂಬಿಬ್ಬರ ಲೇಖನಗಳನ್ನು ಓದಿ, ತಮ್ಮ ತರಗತಿಗೂ ಅದರಲ್ಲಿದ್ದಂಥ ಸರಳ ಪ್ರಶ್ನೆಗಳನ್ನು ಕೊಟ್ಟರು. ಭಾರಿ ಲಾರಿಗೂ ಸಣ್ಣ ಕಾರಿಗೂ ಡಿಕ್ಕಿಯಾದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬ ಬಗೆಯವು. ನ್ಯೂಟನ್ನನ ಮೂರನೇ ನಿಯಮ ಓದಿದವರಿಗೆ ಎರಡೂ ಬಲ ಸಮ ಎಂದು ಗೊತ್ತಿರಬೇಕು. ಆಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಹಾಗೆ ಉತ್ತರಿಸಲೇ, ನಾನು ಮಾಮೂಲಾಗಿ ಯೋಚಿಸುವ ಹಾಗೆ ಉತ್ತರಿಸಲೇ ಎಂದು ಕೇಳಿದಳಂತೆ. ಅನೇಕರ ಉತ್ತರ ತಪ್ಪಾಗಿತ್ತು. ಆಮೇಲೆ ಮಝೂರ್ ಪಾಠದ ನಡುವೆ ಪ್ರಶ್ನೆ ಹಾಕಿ, ವಿದ್ಯಾರ್ಥಿಗಳು ಪಕ್ಕದವರೊಂದಿಗೆ ವಾದಿಸಿ ಉತ್ತರ ಕಂಡುಕೊಳ್ಳುವ ಕ್ರಮವನ್ನು ಬೆಳೆಸಿದರು, 1997ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು.

ನಮ್ಮಲ್ಲಿ ಅಧ್ಯಾಪಕರಿಗೆ ನೆರವು ಕೊಡುವ ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. 1986ರ ಶಿಕ್ಷಣ ನೀತಿಯ ತರುವಾಯ ಯುಜಿಸಿ ದೇಶದಾದ್ಯಂತ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲೂ ಬಂದವು. ಮುಂದೆ ಹೆಸರು ಒಂದೆರಡು ಬಾರಿ ಬದಲಾಗಿ, 2023ರಿಂದ ಇಂಥ ಕೇಂದ್ರಗಳಿಗೆ ಮಾಳವೀಯರ ಹೆಸರಿದೆ. ಅಲ್ಲಿ ವಾರಗಟ್ಟಲೆ ಉಪನ್ಯಾಸ ಕೇಳಿ, ಪ್ರಮಾಣಪತ್ರ ಹಿಡಿದು ಬರುತ್ತಾರೆ. ಬರೀ ಉಪನ್ಯಾಸದಿಂದ ಕಲಿಕೆ ಆಗುವುದಿಲ್ಲ ಎಂಬುದನ್ನೂ ಎಷ್ಟೋ ಸಲ ಉಪನ್ಯಾಸದಲ್ಲೇ ಕೇಳಿರುತ್ತಾರೆ!

ಅದರ ಬದಲು ಹೀಗೆ ಮಾಡಬಹುದು. ಶಿಬಿರಕ್ಕೆ ಬರುವಾಗ ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ಪ್ರಶ್ನೆ ತರಲಿ. ಪ್ರಶ್ನೆ ಸಣ್ಣದಿರಲಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಬಿ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಸೋಲುವುದು ರಸಾಯನಶಾಸ್ತ್ರದಲ್ಲೋ, ಪ್ರಶ್ನೆಪತ್ರಿಕೆಯ ಇಂಗ್ಲಿಷಿನಲ್ಲೋ? ಅದೇ ಪ್ರಶ್ನೆಯನ್ನು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಶಿಬಿರದಲ್ಲಿ ಪುರಾವೆ ಕೂಡಿಸುವ ಕ್ರಮ ಕಲಿತು, ಕಾಲೇಜಿಗೆ ಮರಳಿ ಒಂದು ಸೆಮಿಸ್ಟರ್ ಕೆಲಸ ಮಾಡಿ, ಮತ್ತೆ ಸೇರಿ ಕಂಡದ್ದನ್ನು ಹೇಳಲಿ. ಪಕ್ಕದ ವಿಭಾಗದ ಒಬ್ಬ ಗೆಳೆಯನೋ ಗೆಳತಿಯೋ ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಬರೆದುಕೊಟ್ಟದ್ದರಿಂದ ಅಂಕಕ್ಕೆ ಕುತ್ತು ಬರುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆಯನ್ನೂ ಪಡೆಯಬೇಕು.

ವಾರಕ್ಕೆ 16 ಗಂಟೆ ಪಾಠ, ಮೌಲ್ಯಮಾಪನ, ಚುನಾವಣಾ ಕೆಲಸ ಎಲ್ಲದರ ನಡುವೆ ಇದಕ್ಕೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕಿಂತ ದೊಡ್ಡ ಅಡ್ಡಿ ಭಯ. ‘ನನ್ನ ತರಗತಿಯ ಅರ್ಧ ಜನಕ್ಕೆ ಅರ್ಥವಾಗಿಲ್ಲ’ ಎಂದು ಬರೆದುಕೊಟ್ಟ ಅಧ್ಯಾಪಕನ ಕಾಗದ ನಾಳೆ ಅವನ ಗೋಪ್ಯ ವರದಿಗೆ ಸೇರಿದರೆ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗಂತೂ ಮುಂದಿನ ವರ್ಷದ ಕೆಲಸವೇ ಖಾತ್ರಿಯಿಲ್ಲ. ತಮ್ಮ ಪಾಠದ ಹುಳುಕನ್ನು ತಾವೇ ಎತ್ತಿ ತೋರಿಸಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ನ್ಯಾಕ್ ತಂಡ ಬರುವ ಮುನ್ನ ತುಂಬಿಸಿ ಕಟ್ಟಿಡುವ ವಿದ್ಯಾರ್ಥಿ ಅಭಿಪ್ರಾಯದ ನಮೂನೆಗಳಲ್ಲಿ ಎಲ್ಲವೂ ‘ಉತ್ತಮ’, ‘ಅತ್ಯುತ್ತಮ’ ಆಗಿರುವುದು ಈ ಭಯದಿಂದಲೇ.

ಆದ್ದರಿಂದ ಮೊದಲ ನೆರವು ಪ್ರಾಂಶುಪಾಲರಿಂದ, ವಿಶ್ವವಿದ್ಯಾಲಯದಿಂದ ಬರಬೇಕು. ತರಗತಿಯ ಬಗ್ಗೆ ಅಧ್ಯಾಪಕರು ಕಂಡುಕೊಂಡದ್ದು ಯಾವ ಕಡತಕ್ಕೂ ಹೋಗುವುದಿಲ್ಲ ಎಂಬ ಮಾತು ಕೊಡಬೇಕು, ಅದಕ್ಕೆ ತಪ್ಪದೆ ನಡೆಯಬೇಕು. ಆಮೇಲಿನದು ಕಷ್ಟವಿಲ್ಲ. ಪಾಠದ ಕೊನೆಯ ಐದು ನಿಮಿಷ ಬಿಟ್ಟುಕೊಟ್ಟು, ಇವತ್ತು ಅರ್ಥವಾಗದೆ ಉಳಿದದ್ದೇನು ಎಂದು ಹೆಸರಿಲ್ಲದ ಚೀಟಿಯಲ್ಲಿ ಒಂದು ಸಾಲು ಬರೆಸಿ. ಕನ್ನಡದಲ್ಲಿ ಬರೆದರೂ ಸರಿ ಎನ್ನಿ. ಮರುದಿನದ ಪಾಠವನ್ನು ಆ ಚೀಟಿಗಳಿಂದಲೇ ಶುರುಮಾಡಿ. ಹೆಚ್ಚಿನ ಚೀಟಿಗಳಲ್ಲಿ ಒಂದೇ ಮಾತಿದ್ದರೆ, ನಿಮ್ಮ ಸಂಶೋಧನೆಯ ವಿಷಯ ಸಿಕ್ಕಿತೆಂದೇ ತಿಳಿಯಿರಿ.