ಬಂದರಿಗೆ ಕಾವಲುಗಾರರು ಹಲವರು, ಹೊಣೆಗಾರ ಯಾರು?

ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಸರ್ವಋತು ಬಂದರು ನಿರ್ಮಿಸುವ ಯೋಜನೆಯ ಕುರಿತ ಚರ್ಚೆ ಮುಖ್ಯವಾಗಿ ಎರಡು ಪ್ರಶ್ನೆಗಳ ಸುತ್ತ ನಡೆದಿದೆ. ಮೀನುಗಾರರ ಜೀವನೋಪಾಯ ಏನಾಗುತ್ತದೆ ಎಂಬುದು ಒಂದು; ಕಡಲತೀರದ ಪರಿಸರ ಏನಾಗುತ್ತದೆ ಎಂಬುದು ಇನ್ನೊಂದು. ಸುಮಾರು 4,119 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿಯು 2023ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಯೊಂದಕ್ಕೆ ವಹಿಸಲು ಸಮ್ಮತಿಪತ್ರ ನೀಡಿತು. 2025ರಲ್ಲಿ ಮೀನುಗಾರರು ಅದರ ವಿರುದ್ಧ ಬೀದಿಗಿಳಿದರು. ಅವರು ಎತ್ತಿದ ಪ್ರಶ್ನೆಗಳು ನ್ಯಾಯವಾದವೇ. ಆದರೆ ಪರ ವಿರೋಧಗಳೆರಡೂ ಕೇಳದ ಮೂರನೆಯ ಪ್ರಶ್ನೆಯೊಂದಿದೆ: ಇಂಥ ಬಂದರಿನ ಭದ್ರತೆ ಯಾರ ಹೊಣೆ?

ಭೂಪಟದ ಮೇಲೆ ಹಟ್ಟಿಕೇರಿಯನ್ನು ಗುರುತಿಸಿ ನೋಡಿದರೆ ಈ ಪ್ರಶ್ನೆಯ ತೂಕ ಅರಿವಿಗೆ ಬರುತ್ತದೆ. ಈ ಹಳ್ಳಿಯ ಉತ್ತರಕ್ಕೆ ಅರಗಾದಲ್ಲಿ 2005ರ ಮೇ 31ರಂದು ಸೇವೆಗೆ ಸಮರ್ಪಿತವಾದ ಐಎನ್‌ಎಸ್ ಕದಂಬ ನೌಕಾನೆಲೆ. ಸಮೀಪದಲ್ಲೇ ಅದಿರು ಹಗರಣದಿಂದ ದೇಶಕ್ಕೆಲ್ಲ ಪರಿಚಿತವಾದ ಬೇಲೆಕೇರಿ. ದಕ್ಷಿಣಕ್ಕೆ ಉದ್ದೇಶಿತ ಕೇಣಿ ಬಂದರು. ಹಟ್ಟಿಕೇರಿಯ ಟೋಲ್ ನಾಕಾದಲ್ಲಿ ಹಾದುಹೋಗುವ ಪ್ರತಿಯೊಂದು ವಾಹನದ ಲೆಕ್ಕವೂ ಇರುತ್ತದೆ. ಹಣ ವಸೂಲಾಗುವ ಕಡೆ ಲೆಕ್ಕ ತಪ್ಪುವುದಿಲ್ಲ. ಭದ್ರತೆಯ ವಿಷಯದಲ್ಲಿ ಅಂಥ ಮೀಟರ್ ಇಲ್ಲ. ಲೋಪವಾದ ಮೇಲಷ್ಟೇ ಅದರ ಬೆಲೆ ತಿಳಿಯುತ್ತದೆ.

ಈ ಕುರಿತು ಜಗತ್ತು ಒಂದು ನಿಯಮಾವಳಿಯನ್ನು ಒಪ್ಪಿಕೊಂಡಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ರೂಪಿಸಿದ ‘ಹಡಗು ಮತ್ತು ಬಂದರು ಸೌಲಭ್ಯಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ’ 2004ರ ಜುಲೈ 1ರಂದು ಜಾರಿಗೆ ಬಂತು. ಐಎಸ್‌ಪಿಎಸ್ ಎಂಬ ಸಂಕ್ಷಿಪ್ತ ಹೆಸರಿನಿಂದ ಅದು ಪರಿಚಿತ. ಅದರ ಹೆಚ್ಚುಗಾರಿಕೆ ಬಂದೂಕು, ಬೇಲಿ, ಕ್ಯಾಮೆರಾಗಳ ಪಟ್ಟಿಯಲ್ಲಿಲ್ಲ. ಹೊಣೆಯನ್ನು ಹೆಸರಿಟ್ಟು ಹಂಚಿದ್ದರಲ್ಲಿದೆ. ಹಡಗಿನ ಕಂಪನಿಗೆ ಒಬ್ಬ ಭದ್ರತಾ ಅಧಿಕಾರಿ, ಪ್ರತಿ ಹಡಗಿಗೆ ಒಬ್ಬ, ಪ್ರತಿ ಬಂದರು ಸೌಲಭ್ಯಕ್ಕೆ ಒಬ್ಬ. ಅಪಾಯದ ಮಟ್ಟವನ್ನು ಮೂರು ಹಂತಗಳಲ್ಲಿ ನಿಗದಿಪಡಿಸುವ ಅಧಿಕಾರ ಸರ್ಕಾರದ್ದು. ಹಡಗು ಮತ್ತು ಬಂದರಿನ ನಡುವೆ ಅಗತ್ಯವಿದ್ದಾಗ ಯಾರು ಯಾವುದನ್ನು ಕಾಯಬೇಕೆಂದು ಇಬ್ಬರೂ ಸಹಿ ಮಾಡುವ ‘ಭದ್ರತಾ ಘೋಷಣೆ’ಗೂ ಅಲ್ಲಿ ಅವಕಾಶವಿದೆ. ಹಡಗಿನ ಸುರಕ್ಷೆಗಾಗಿ ಕಪ್ತಾನ ಕೈಗೊಳ್ಳುವ ತೀರ್ಮಾನಕ್ಕೆ ಅವನ ಮಾಲೀಕನೂ ಅಡ್ಡಬರುವಂತಿಲ್ಲ.

ಹೊಣೆ ಸ್ಪಷ್ಟವಾಗಿರುವಲ್ಲಿ ವ್ಯವಸ್ಥೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಾರವಾರದಲ್ಲೇ ನಿದರ್ಶನವಿದೆ. 2025ರ ಮೇ ತಿಂಗಳಲ್ಲಿ, ಪಹಲ್ಗಾಮ್ ದಾಳಿಯ ನಂತರದ ಉದ್ವಿಗ್ನ ದಿನಗಳಲ್ಲಿ, ಇರಾಕ್‌ನಿಂದ ಡಾಂಬರು ಹೊತ್ತ ಹಡಗೊಂದು ಅಲ್ಲಿಯ ವಾಣಿಜ್ಯ ಬಂದರಿಗೆ ಬಂತು. ಸಿಬ್ಬಂದಿಯಲ್ಲಿ ಒಬ್ಬ ಪಾಕಿಸ್ತಾನಿಯೂ ಇಬ್ಬರು ಸಿರಿಯಾ ಪ್ರಜೆಗಳೂ ಇದ್ದರು. ಅವರನ್ನು ದಡಕ್ಕಿಳಿಯಲು ಬಿಡದೆ ಸರಕನ್ನು ಮಾತ್ರ ಇಳಿಸಿಕೊಳ್ಳಲಾಯಿತು. ಸಿಬ್ಬಂದಿಯ ಪಟ್ಟಿ ಮೊದಲೇ ಕೈಯಲ್ಲಿತ್ತು. ಅದನ್ನು ನೋಡಿ ತೀರ್ಮಾನ ಕೈಗೊಳ್ಳಬೇಕಾದವರು ಯಾರೆಂಬುದೂ ಗೊತ್ತಿತ್ತು. ವ್ಯಾಪಾರ ನಿಲ್ಲಲಿಲ್ಲ, ಗದ್ದಲವೂ ಆಗಲಿಲ್ಲ. ಒಳ್ಳೆಯ ಆಡಳಿತ ಸುದ್ದಿಯಾಗುವುದು ಕಡಿಮೆ.

ಆದರೆ ಈ ಸಂಹಿತೆಯ ವ್ಯಾಪ್ತಿ ಸೀಮಿತ. ಅಂತರರಾಷ್ಟ್ರೀಯ ಸಂಚಾರದಲ್ಲಿರುವ ಪ್ರಯಾಣಿಕರ ಹಡಗುಗಳಿಗೆ, 500 ಟನ್ನೇಜಿಗೆ ಕಡಿಮೆಯಿಲ್ಲದ ಸರಕು ಹಡಗುಗಳಿಗೆ ಮತ್ತು ಅವು ತಂಗುವ ಬಂದರುಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಮೀನುಗಾರಿಕೆ ದೋಣಿಗಳು ಅದರ ಹೊರಗೆ. 2008ರ ನವೆಂಬರ್ 26ರಂದು ಮುಂಬೈಗೆ ಬಂದ ಹತ್ತು ಮಂದಿ ಹಂತಕರು ಬಳಸಿದ್ದು ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು. ಸಂಹಿತೆ ಜಾರಿಗೆ ಬಂದು ನಾಲ್ಕು ವರ್ಷ ಕಳೆದಿದ್ದರೂ ಅವರು ಹಿಡಿದ ದಾರಿಯಲ್ಲಿ ಅದು ಇರಲೇ ಇಲ್ಲ.

ಆ ಪೆಟ್ಟಿನ ನಂತರ ಕೇಂದ್ರವು 2009ರ ಫೆಬ್ರವರಿಯಲ್ಲಿ ಕಡಲ ಭದ್ರತೆಯ ಒಟ್ಟಾರೆ ಹೊಣೆಯನ್ನು ನೌಕಾಪಡೆಗೆ ವಹಿಸಿತು. ಪ್ರಾದೇಶಿಕ ಜಲದ ಕಾವಲು ಕೋಸ್ಟ್ ಗಾರ್ಡ್‌ಗೆ, ತೀರಕ್ಕೆ ಹತ್ತಿರದ ಗಸ್ತು ರಾಜ್ಯದ ಕರಾವಳಿ ಕಾವಲು ಪೊಲೀಸರಿಗೆ ಬಂತು. ಬೇಲೆಕೇರಿಯಲ್ಲೂ ಇವರ ಠಾಣೆಯೊಂದಿದೆ. ಇವರ ಜೊತೆಗೆ ಕಸ್ಟಮ್ಸ್, ವಲಸೆ, ಮೀನುಗಾರಿಕೆ, ಬಂದರು, ಅರಣ್ಯ ಇಲಾಖೆಗಳು. ನಮ್ಮ ಸಂವಿಧಾನದ ಹಂಚಿಕೆಯಲ್ಲಿ ಪ್ರಮುಖ ಬಂದರುಗಳು ಕೇಂದ್ರದ ಪಟ್ಟಿಯಲ್ಲಿವೆ, ಉಳಿದ ಬಂದರುಗಳು ಸಮವರ್ತಿ ಪಟ್ಟಿಯಲ್ಲಿ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿ. ನವಮಂಗಳೂರು ಬಂದರನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ಕಾಯುತ್ತದೆ. ರಾಜ್ಯದ ಅಧೀನದ ಬಂದರುಗಳಿಗೆ ಅಂಥ ಒಂದೇ ವ್ಯವಸ್ಥೆ ರೂಪುಗೊಂಡಿರಲಿಲ್ಲ. ಹತ್ತು ಕೈಗಳ ನಡುವೆ ಹಂಚಿಹೋದ ಹೊಣೆ ಕೊನೆಗೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ ಎಂಬುದು ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನ ಅನುಭವದ ಮಾತು.

ಇದಕ್ಕೆ ಬೇಲೆಕೇರಿಗಿಂತ ಕಠೋರವಾದ ಸಾಕ್ಷಿ ಬೇಕಿಲ್ಲ. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅಲ್ಲಿ ಸುಮಾರು 5 ಲಕ್ಷ ಟನ್ ಅಕ್ರಮ ಕಬ್ಬಿಣದ ಅದಿರನ್ನು ಜಪ್ತಿ ಮಾಡಿ ಬಂದರು ಅಧಿಕಾರಿಗಳ ವಶಕ್ಕೆ ಒಪ್ಪಿಸಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಹಡಗೇರಿ ಹೋಗಿತ್ತು. ಗುಡ್ಡದಂತೆ ಬಿದ್ದಿದ್ದ ಅದಿರು ರಾತ್ರೋರಾತ್ರಿ ಕಾಣೆಯಾಗುವ ವಸ್ತುವಲ್ಲ. ಅದನ್ನು ಲಾರಿಗೆ ತುಂಬಬೇಕು, ಬಾರ್ಜುಗಳಲ್ಲಿ ಆಳ ಸಮುದ್ರದ ಹಡಗಿಗೆ ಸಾಗಿಸಬೇಕು, ಪ್ರತಿ ಹಂತದಲ್ಲೂ ಕಾಗದಪತ್ರ ಬೇಕು. ಆ ವಿವಾದದಲ್ಲಿ ಅದಿರನ್ನು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತುಗೊಳಿಸಲು ಸರ್ಕಾರ ಮುಂದಾದಾಗ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2010ರ ಜೂನ್‌ನಲ್ಲಿ ರಾಜೀನಾಮೆ ಸಲ್ಲಿಸಿದರು. ಮುಂದಿನ ತಿಂಗಳು ಅದನ್ನು ಹಿಂಪಡೆದರು. ಸಿಬಿಐ ತನಿಖೆಯ ನಂತರ, ಹದಿನಾಲ್ಕು ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಕಾರವಾರದ ಶಾಸಕ ಹಾಗೂ ಅಂದಿನ ಬಂದರು ಅಧಿಕಾರಿಯೊಬ್ಬರು ಸೇರಿದಂತೆ ಆರೋಪಿಗಳಿಗೆ ಶಿಕ್ಷೆ ವಿಧಿಸಿತು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪರಾಧದ ನಿರ್ಣಯ ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ನಮ್ಮ ಕಾಳಜಿಯ ಅಂಶ ಬೇರೆ: ಬಂದರಿನ ಕಾವಲು ಹೊರಗಿನಿಂದ ಬರುವ ಶತ್ರುವನ್ನು ನಿರೀಕ್ಷಿಸಿ ಕಡಲಿನತ್ತ ನೋಡುತ್ತಿರುವಾಗ, ಸರ್ಕಾರ ತಾನೇ ಜಪ್ತಿ ಮಾಡಿದ ಸೊತ್ತು ಒಳಗಿನಿಂದಲೇ ಹೊರಟುಹೋಯಿತು. ಅಕ್ರಮ ಅದಿರು ಹೊರಹೋಗಬಲ್ಲ ದಾರಿಯಲ್ಲಿ ಸ್ಫೋಟಕ ಒಳಬರಲು ಸಾಧ್ಯವಿಲ್ಲವೆಂದು ನಂಬುವುದು ಹೇಗೆ?

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಭದ್ರತೆಯ ವೆಚ್ಚ ಬಂದರು ನಡೆಸುವವನದು. ಲೋಪದ ನಷ್ಟ ಇಡೀ ಸಮಾಜದ್ದು. ಹಡಗು ಬೇಗ ತುಂಬಿ ಬೇಗ ಹೊರಟಷ್ಟೂ ಅವನಿಗೆ ಆದಾಯ. ತಪಾಸಣೆಗೆ ತಡೆದು ನಿಲ್ಲಿಸಿದಷ್ಟೂ ನಷ್ಟ. ಬಂದರಿನ ಭದ್ರತಾ ಅಧಿಕಾರಿ ಅದೇ ಕಂಪನಿಯ ಸಂಬಳದ ನೌಕರನಾದರೆ ಹಡಗನ್ನು ತಡೆಯುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಕಪ್ತಾನನಿಗೆ ಸಂಹಿತೆ ನೀಡಿರುವ ಸ್ವಾತಂತ್ರ್ಯದಷ್ಟನ್ನಾದರೂ ಅವನಿಗೂ ಒಪ್ಪಂದದ ಮೂಲಕ ಒದಗಿಸುವುದು ಅಗತ್ಯ. ಇದು ಖಾಸಗಿ ಬಂಡವಾಳದ ವಿರುದ್ಧದ ವಾದವಲ್ಲ. ಬೇಲೆಕೇರಿ ಸರ್ಕಾರಿ ಬಂದರೇ ಆಗಿತ್ತು ಎಂಬುದನ್ನು ಮರೆಯಲಾಗದು. ಲಾಭ ಮತ್ತು ಕಾವಲು ಒಂದೇ ಕೈಯಲ್ಲಿರುವಾಗ ಮೇಲ್ವಿಚಾರಣೆ ಬೇರೆ ಕೈಯಲ್ಲಿರಬೇಕು ಎಂಬುದಷ್ಟೇ ವಾದ.

ಕೇಂದ್ರ ಮಟ್ಟದಲ್ಲಿ ಒಂದಿಷ್ಟು ಚಲನೆ ಕಾಣುತ್ತಿದೆ. 1908ರ ಬಂದರು ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ವಿಮಾನ ನಿಲ್ದಾಣಗಳಿಗೆ ಇರುವಂಥ ಭದ್ರತಾ ಬ್ಯೂರೋವನ್ನು ಬಂದರುಗಳಿಗೂ ರಚಿಸುವ ನಿರ್ಧಾರ ಪ್ರಕಟವಾಯಿತು. ಇದು ಸ್ವಾಗತಾರ್ಹ. ಆದರೆ ಹತ್ತು ಸಂಸ್ಥೆಗಳ ಜೊತೆಗೆ ಹನ್ನೊಂದನೆಯದು ಸೇರಿದ ಮಾತ್ರಕ್ಕೆ ಪರಿಸ್ಥಿತಿ ಸುಧಾರಿಸದು.

ಕೇಣಿಯಂಥ ಯೋಜನೆ ಮುಂದುವರಿಯುವುದಾದರೆ ಮೊದಲು ಕೆಲವು ವಿಷಯಗಳು ಬರಹದಲ್ಲಿ ಇತ್ಯರ್ಥವಾಗಬೇಕು. ನೌಕಾನೆಲೆಯ ನೆರೆಯಲ್ಲಿ ಯಾವ ಹಡಗು, ಯಾವ ಸರಕು, ಯಾವ ಸಿಬ್ಬಂದಿ ಬರಬಹುದೆಂಬುದನ್ನು ನೌಕಾಪಡೆಯೊಂದಿಗೆ ಸಮಾಲೋಚಿಸಿ ಮೊದಲೇ ನಿಗದಿಪಡಿಸಬೇಕು. ಬಂದರಿನ ಭದ್ರತಾ ಅಧಿಕಾರಿಯ ನೇಮಕ ಮತ್ತು ವಜಾಕ್ಕೆ ಸರ್ಕಾರದ ಒಪ್ಪಿಗೆ ಕಡ್ಡಾಯವಾಗಬೇಕು. ಒಳಬಂದ, ಹೊರಹೋದ ಸರಕಿನ ತೂಕದ ಲೆಕ್ಕವನ್ನು ಬಂದರು, ಕಸ್ಟಮ್ಸ್ ಮತ್ತು ಗಣಿ ಇಲಾಖೆಗಳು ಪ್ರತ್ಯೇಕವಾಗಿ ಇಟ್ಟು ತಾಳೆ ನೋಡಬೇಕು. ಜಪ್ತಿಯಾದ ವಸ್ತುವಿಗೆ ಯಾರ ಸಹಿಯೋ ಅವರೇ ಹೊಣೆ ಎಂಬುದು ನಿಯಮವಾಗಬೇಕು.

ಕೊನೆಯ ಮಾತು ಮೀನುಗಾರರ ಕುರಿತು. ಮುಂಬೈ ದಾಳಿಯ ನಂತರ ಸರ್ಕಾರ ಅವರಿಗೆ ಗುರುತಿನ ಚೀಟಿ ನೀಡಿತು. ಅಪರಿಚಿತ ದೋಣಿ ಕಂಡರೆ ತಿಳಿಸಿ ಎಂದು ಕೋರಿತು. ‘ಸಾಗರ ಕವಚ’ ಅಣಕು ಕಾರ್ಯಾಚರಣೆಗಳಲ್ಲೂ ಅವರ ಸಹಕಾರ ಬಯಸಿತು. ಯಾವ ದೋಣಿ ಯಾರದು, ಯಾವ ಹೊತ್ತಿನಲ್ಲಿ ಯಾವ ದೀಪ ಅಸಹಜ ಎಂಬುದು ಬೇಲೆಕೇರಿಯ ಮೀನುಗಾರನಿಗೆ ತಿಳಿದಷ್ಟು ಯಾವ ರಾಡಾರ್‌ಗೂ ತಿಳಿಯದು. ಸೀಬರ್ಡ್ ಯೋಜನೆಗಾಗಿ ಒಮ್ಮೆ ತೀರವನ್ನು ಬಿಟ್ಟುಕೊಟ್ಟ ಸಮುದಾಯಗಳನ್ನು ಹೊಸ ಬಂದರಿನ ಬೇಲಿ ಮತ್ತಷ್ಟು ಹಿಂದಕ್ಕೆ ತಳ್ಳಿದರೆ ನಾವು ಕಳೆದುಕೊಳ್ಳುವುದು ಅವರ ಮತವನ್ನಷ್ಟೇ ಅಲ್ಲ, ಈ ಕರಾವಳಿಯ ಅತ್ಯಂತ ಹಳೆಯ ಕಾವಲನ್ನು. ಹಾಗಾಗಿ ಮೀನುಗಾರರ ಪ್ರಶ್ನೆಯನ್ನೂ ಭದ್ರತೆಯ ಪ್ರಶ್ನೆಯನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುವುದು ಸರಿಯಲ್ಲ. ಕೇಣಿಯ ಯೋಜನೆಯನ್ನು ಮುಂದುವರಿಸುವ ಮೊದಲು ಸರ್ಕಾರ ಎರಡಕ್ಕೂ ಒಟ್ಟಿಗೆ ಉತ್ತರ ಕೊಡಲಿ.