ಟ್ಯಾಂಕಿನ ಬಲ ಮಿಲಿಮೀಟರಿನಲ್ಲಿ ಇಲ್ಲ!



ಒಂದು ತಪ್ಪೊಪ್ಪಿಗೆಯಿಂದಲೇ ಸುರು ಮಾಡುತ್ತೇವೆ.

ಈ ವರ್ಷ ನಮ್ಮ ಶಾಲೆಯ ಪ್ರವಾಸ ಅಹಿಲ್ಯಾನಗರಕ್ಕೆ ಹೋಗಿತ್ತು. ಅಹಮದ್‌ನಗರ ಅಂದರೆ ಹಳಬರಿಗೆ ಬೇಗ ತಿಳಿದೀತು. ಅಲ್ಲಿ 1994ರಿಂದ ಸೈನ್ಯದವರು ನಡೆಸುವ ಟ್ಯಾಂಕ್ ಮ್ಯೂಸಿಯಂ ಇದೆ. ಎರಡನೆಯ ಮಹಾಯುದ್ಧದ ಜಪಾನಿ ಟ್ಯಾಂಕುಗಳು, ಟೈಪ್ 95 ಹಾ-ಗೋ ಮತ್ತು ಟೈಪ್ 97 ಚಿ-ಹಾ, ಅಲ್ಲಿ ನೋಡಲು ಸಿಗುತ್ತವೆ. ಜರ್ಮನಿಯ ಹೆಸರಾಂತ 88 ಮಿ.ಮೀ. ತೋಪೂ ಇದೆ. ಆ ತೋಪಿನ ಉದ್ದ ಕಂಡ ಕಣ್ಣಿನಿಂದಲೇ ಹಾ-ಗೋ ನೋಡಿದ ನಮ್ಮ ಹುಡುಗನೊಬ್ಬ, "ಸರ, ಇದು ಟ್ಯಾಂಕ್ ಅಲ್ರಿ, ಎಣ್ಣಿ ಡಬ್ಬಿ ಐತ್ರಿ" ಅಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಊರಿಗೆ ಬಂದ ಮೇಲೆ ಹುಡುಗರೇ ಒಂದು ಚರ್ಚಾ ಸ್ಪರ್ಧೆ ಇಟ್ಟುಕೊಂಡರು. ಯುದ್ಧದಲ್ಲಿ ಯಾವ ಟ್ಯಾಂಕ್ ಹೆಚ್ಚು ಬಲಶಾಲಿ, ಜರ್ಮನಿಯದೋ ಜಪಾನಿನದೋ? ಜರ್ಮನಿಯ ಪಕ್ಷದವರು ಅಂಕಿಗಳನ್ನು ಮಗ್ಗಿಯ ಹಾಗೆ ಹೇಳಿದರು. ಸಭೆಗೆ ಸಭೆಯೇ ಚಪ್ಪಾಳೆ. ಜಪಾನಿನ ಪಕ್ಷದಲ್ಲಿ ಮಾತಾಡಲು ಎದ್ದ ಹುಡುಗಿಯ ಹತ್ತಿರ ಅಂಕಿ ಇರಲಿಲ್ಲ. ಆಕೆ ಒಂದೇ ಪ್ರಶ್ನೆ ಕೇಳಿದಳು: "ಆದರ ಸರ, ಜಪಾನಿನವರು ಇದೇ ಡಬ್ಬಿ ತಗೊಂಡು ಸಿಂಗಾಪುರದ ತನಕ ಹೋದ್ರಲ್ರಿ, ಅದು ಹೆಂಗ್ರಿ?" ಮತ್ತೆ ನಗು. ವಿಷಯ ಬಿಟ್ಟು ಮಾತಾಡಿದಳು ಅಂತ ತೀರ್ಪುಗಾರರಾದ ನಾವು ಅಂಕ ಕಡಿಮೆ ಮಾಡಿದೆವು. ಬಹುಮಾನ ಜರ್ಮನಿಗೆ ಹೋಯಿತು.

ಈಗ ಹೇಳುತ್ತೇವೆ, ಆ ತೀರ್ಪು ತಪ್ಪು. ಆ ದಿನ ವಿಷಯ ಹಿಡಿದು ಮಾತಾಡಿದವಳು ಆಕೆ ಒಬ್ಬಳೇ.

ಹಾಗಂತ ಜಪಾನಿನ ಟ್ಯಾಂಕೇ ಶ್ರೇಷ್ಠ ಅಂತ ನಾವು ವಾದ ಮಾಡುವುದಿಲ್ಲ. ಅಂಕಿಗಳು ಸುಳ್ಳೂ ಅಲ್ಲ. ಹಾ-ಗೋ ಏಳೂವರೆ ಟನ್ನಿನ ಗಾಡಿ. ಅದರ ಕವಚ ಎಷ್ಟೇ ದಪ್ಪ ಅಂದರೂ 12 ಮಿ.ಮೀ., ತೋಪು 37 ಮಿ.ಮೀ. ಚಿ-ಹಾ ಸುಮಾರು 15 ಟನ್, ಕವಚ ಹೆಚ್ಚುಕಡಿಮೆ 25 ಮಿ.ಮೀ. ಆ ಕಡೆ ಜರ್ಮನಿಯ ಟೈಗರ್ ಸುಮಾರು 57 ಟನ್, ಮುಂಭಾಗದ ಉಕ್ಕು 100 ಮಿ.ಮೀ., ಮೇಲೆ 88 ಮಿ.ಮೀ. ತೋಪು. ಎರಡನ್ನೂ ಒಂದು ಬಯಲಿನಲ್ಲಿ ಎದುರುಬದುರು ನಿಲ್ಲಿಸಿದರೆ ಏನಾಗುತ್ತದೆ ಅಂತ ಹೇಳಲು ಚರ್ಚಾ ಸ್ಪರ್ಧೆ ಬೇಕಿಲ್ಲ. ಆದರೆ ಅವೆರಡೂ ಎದುರುಬದುರು ನಿಂತದ್ದು ಯಾವಾಗ? ಎಂದೂ ಇಲ್ಲ! ಜರ್ಮನಿ, ಜಪಾನ್ ಒಂದೇ ಪಕ್ಷದವು. ನಡೆಯದ ಕುಸ್ತಿಗೆ ನಾವು ಬಹುಮಾನ ಕೊಟ್ಟೆವು.

ನಡೆದ ಯುದ್ಧ ನೋಡಿ. 1942ರ ಜನವರಿ 7, ಮಲಯದ ಸ್ಲಿಮ್ ನದಿ. ಬೆಳಗಿನ ಕತ್ತಲಲ್ಲಿ ಸುಮಾರು 30 ಜಪಾನಿ ಟ್ಯಾಂಕುಗಳು ಒಂದೇ ರಸ್ತೆ ಹಿಡಿದು ನುಗ್ಗಿದವು. ಎದುರಿಗಿದ್ದದ್ದು 11ನೆಯ ಭಾರತೀಯ ಡಿವಿಜನ್. ನಮ್ಮ ಸಿಪಾಯಿಗಳ ಹಿಂದೆ ಒಂದು ಟ್ಯಾಂಕೂ ಇರಲಿಲ್ಲ. ಮಲಯದ ಕಾಡು, ರಬ್ಬರ್ ತೋಟಗಳಲ್ಲಿ ಟ್ಯಾಂಕ್ ಓಡಲಾರದು ಅಂತ ಬ್ರಿಟಿಷ್ ದೊರೆಗಳು ನಂಬಿ ಕೂತಿದ್ದರು. ಅವು ಕಾಡಿನಲ್ಲಿ ಓಡಲಿಲ್ಲ, ದೊರೆಗಳೇ ಕಟ್ಟಿಸಿದ ಡಾಂಬರು ರಸ್ತೆಯಲ್ಲಿ ಓಡಿದವು! ಅದೇ ಬೆಳಿಗ್ಗೆ ಸೇತುವೆ ಜಪಾನಿನ ಕೈಗೆ ಬಂತು, ಡಿವಿಜನ್ ಚೂರುಚೂರಾಯಿತು. ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಹುಡುಗಿ ಕೇಳಿದ "ಹೆಂಗ್ರಿ" ಎಂಬುದಕ್ಕೆ ಉತ್ತರ ಇದೇ. ಎದುರಿಗೆ ಟ್ಯಾಂಕ್ ಇಲ್ಲದಾಗ, ಟ್ಯಾಂಕ್ ಹೊಡೆಯುವ ತೋಪು ಸಾಲದಾಗ, 12 ಮಿ.ಮೀ. ಕೂಡ ಕೋಟೆಯೇ.

ಗಾಡಿ ಹಗುರವಾಗಿದ್ದರಲ್ಲೂ ಕಾರಣ ಇತ್ತು. ಜಪಾನಿನ ಸೈನ್ಯ ಎಲ್ಲಿಗೆ ಹೋಗಬೇಕಾದರೂ ಹಡಗು ಹತ್ತಬೇಕು. ಹಡಗಿನ ಕ್ರೇನು ಎತ್ತುವಷ್ಟೇ ಭಾರ, ಪರದೇಶದ ಹಳ್ಳಿಯ ಸೇತುವೆ ತಡೆಯುವಷ್ಟೇ ಭಾರ. ಇದ್ದ ಉಕ್ಕೆಲ್ಲ ಮೊದಲು ಯುದ್ಧನೌಕೆಗೆ, ವಿಮಾನಕ್ಕೆ. ಟ್ಯಾಂಕಿನದು ಪಂಕ್ತಿಯ ಕೊನೆಯ ಎಲೆ. ಇದನ್ನು ಹೇಳದೆ ಬರೀ ಕವಚದ ದಪ್ಪ ಹೇಳುವವರು ಹೊಲ ನೋಡದೆ ಬೀಜ ಬೈಯುವವರು.

ಇನ್ನೂ ಖಚಿತವಾದ ಪುರಾವೆ ಬೇಕೇ? ಒಂದೇ ವರ್ಷ, ಒಂದೇ ಜಾತಿಯ ಟ್ಯಾಂಕ್, ಎರಡು ಜಾಗ. 1944ರ ಮೇ ತಿಂಗಳಲ್ಲಿ ಚೀನಾದ ಹೆನಾನ್ ಬಯಲಿನಲ್ಲಿ ಜಪಾನಿನ 3ನೆಯ ಟ್ಯಾಂಕ್ ಡಿವಿಜನ್ ಮುನ್ನುಗ್ಗಿತು. ಮೇ 25ಕ್ಕೆ ಲುವೊಯಾಂಗ್ ನಗರ ಬಿತ್ತು. ಚೀನೀಯರ ಬಳಿ ಟ್ಯಾಂಕ್ ಹೊಡೆಯುವ ಸಾಮಗ್ರಿ ತೀರಾ ಕಡಿಮೆ. ಮೂರು ವಾರ ಕಳೆಯಿತು. ಜೂನ್ 16ರ ರಾತ್ರಿ ಸೈಪಾನ್ ದ್ವೀಪದಲ್ಲಿ ಅದೇ ಚಿ-ಹಾ, ಅದೇ ಹಾ-ಗೋ, ಸುಮಾರು 40 ಗಾಡಿಗಳು ಅಮೆರಿಕದ ಮರೀನ್ ಸೈನಿಕರ ಮೇಲೆ ಏರಿ ಹೋದವು. ಅಲ್ಲಿ ಬಝೂಕಾ ಇತ್ತು, ಶರ್ಮನ್ ಟ್ಯಾಂಕ್ ಇತ್ತು, ರಾತ್ರಿಯನ್ನು ಹಗಲು ಮಾಡುವ ಬೆಳಕಿನ ಗುಂಡುಗಳಿದ್ದವು. ಬೆಳಗಾಗುವುದರೊಳಗೆ ಹೆಚ್ಚಿನವು ಸುಟ್ಟು ಕರಕಲಾಗಿದ್ದವು. ಈಗ ಹೇಳಿ, ಚಿ-ಹಾ ಬಲಶಾಲಿಯೋ ಅಲ್ಲವೋ? ಮೂರು ವಾರದಲ್ಲಿ ಅದರ ಮಿಲಿಮೀಟರ್ ಎಷ್ಟು ಕರಗಿತು?

ಜರ್ಮನಿಯ ಕಡೆಗೆ ಬರೋಣ. ಅದು ಗೆದ್ದ ದಿನಗಳಲ್ಲಿ ಅದರ ಟ್ಯಾಂಕ್ ಹೇಗಿತ್ತು ಗೊತ್ತೇ? 1940ರ ಮೇ 10ಕ್ಕೆ ಫ್ರಾನ್ಸಿನ ಮೇಲೆ ಬಿದ್ದ ಸೈನ್ಯದಲ್ಲಿ ಟೈಗರ್ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚಿನವು ಪಾಂಝರ್ 1 ಮತ್ತು ಪಾಂಝರ್ 2 ಎಂಬ ಚಿಕ್ಕ ಗಾಡಿಗಳು. ಪಾಂಝರ್ 1ಕ್ಕೆ ತೋಪೇ ಇಲ್ಲ, ಎರಡು ಮೆಷಿನ್‌ಗನ್ ಅಷ್ಟೇ. ಕವಚ 13 ಮಿ.ಮೀ. ನಮ್ಮ ಹುಡುಗರು ನಕ್ಕ ಎಣ್ಣಿ ಡಬ್ಬಿಗಿಂತ ಒಂದೇ ಮಿಲಿಮೀಟರ್ ಜಾಸ್ತಿ! ಫ್ರೆಂಚರ ಷಾರ್ ಬಿ1 ಟ್ಯಾಂಕಿಗೆ 60 ಮಿ.ಮೀ. ಕವಚ, ಎರಡೆರಡು ತೋಪು. ಆದರೂ ಜೂನ್ 14ಕ್ಕೆ ಜರ್ಮನರು ಪ್ಯಾರಿಸ್ಸಿನಲ್ಲಿದ್ದರು. ಯಾಕೆ? ಟ್ಯಾಂಕುಗಳನ್ನು ಒಟ್ಟು ಮಾಡಿ ಒಂದೇ ಕಡೆ ನುಗ್ಗಿಸಿದರು, ಗಾಡಿಯಿಂದ ಗಾಡಿಗೆ ರೇಡಿಯೋ ಮಾತು ಇತ್ತು, ಮೇಲೆ ವಿಮಾನ ಇತ್ತು. ಫ್ರೆಂಚ್ ಟ್ಯಾಂಕಿನ ತಿರುಗುವ ಗೋಪುರದಲ್ಲಿ ಒಬ್ಬನೇ ಕೂತು ನೋಡಬೇಕು, ಗುಂಡು ತುಂಬಬೇಕು, ಗುರಿ ಇಡಬೇಕು, ಅಪ್ಪಣೆಯನ್ನೂ ಕೊಡಬೇಕು. (ಹಾ-ಗೋದಲ್ಲೂ ಇದೇ ಪಾಡು. ಬೈಯಲೇಬೇಕಾದರೆ ಕವಚಕ್ಕಿಂತ ಮೊದಲು ಇದನ್ನು ಬೈಯಿರಿ.)

ದೊಡ್ಡ ಗಾಡಿಗಳು ಬಂದದ್ದು ಆಮೇಲೆ. 1943ರ ಜುಲೈನಲ್ಲಿ ಕುರ್ಸ್ಕ್ ಕದನಕ್ಕೆ ಜರ್ಮನರು 200 ಹೊಸ ಪ್ಯಾಂಥರ್ ಟ್ಯಾಂಕ್ ತಂದರು. ಕೆಲವು ಹೋಗುವ ದಾರಿಯಲ್ಲೇ ಎಂಜಿನ್ನಿಗೆ ಬೆಂಕಿ ಹತ್ತಿಸಿಕೊಂಡವು, ಕೆಲವು ನೆಲಬಾಂಬಿಗೆ ಸಿಕ್ಕವು, ಕೆಲವು ಕೆಟ್ಟು ನಿಂತವು. ಐದಾರು ದಿನಕ್ಕೆ ಮುಂಚೂಣಿಯಲ್ಲಿ ಓಡಾಡುವ ಸ್ಥಿತಿಯಲ್ಲಿ ಉಳಿದವು ಹತ್ತರ ಆಸುಪಾಸು. ಟೈಗರ್‌ನ ಚಕ್ರಗಳು ಒಂದರ ಮೇಲೊಂದು ಹೆಣೆದಂತೆ ಕೂತಿರುತ್ತವೆ. ರಷ್ಯದ ಕೆಸರು ಅವುಗಳ ನಡುವೆ ಸೇರಿ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಡಿ ಕದಲುವುದಿಲ್ಲ. ರೈಲಿಗೆ ಹತ್ತಿಸಬೇಕಾದರೆ ಅಗಲ ಚೈನು ಬಿಚ್ಚಿ ಕಿರಿದು ಚೈನು ಹಾಕಬೇಕು. ಕೆಟ್ಟು ನಿಂತರೆ ಎಳೆಯಲು ಎರಡು ಮೂರು ದೊಡ್ಡ ಎಳೆಗಾಡಿ ಬೇಕು. ನಮ್ಮ ಎರಿ ಹೊಲದವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಹುಗಿದ ಟ್ರ್ಯಾಕ್ಟರಿನ ಹಾರ್ಸ್‌ಪವರ್ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಅದನ್ನು ಹೊರಗೆ ಎಳೆಯುವ ಜೋಡೆತ್ತು ಯಾರ ಮನೆಯಲ್ಲಿವೆ ಅಂತ ಕೇಳುತ್ತಾರೆ.

ಟೈಗರ್ ತಯಾರಾದದ್ದು ಒಟ್ಟು 1,300 ಚಿಲ್ಲರೆ. ಅಮೆರಿಕದ ಶರ್ಮನ್ ಸುಮಾರು 49,000. ರಷ್ಯದ ಟಿ-34 ಐವತ್ತು ಸಾವಿರಕ್ಕೂ ಮೇಲೆ. ಕೊನೆಗೆ ಎಣ್ಣೆಯೂ ಮುಗಿಯಿತು. 1944ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಲಾ ಗ್ಲೇಜ್ ಎಂಬ ಹಳ್ಳಿಯಲ್ಲಿ ಸಿಕ್ಕಿಬಿದ್ದ ಜರ್ಮನ್ ತುಕಡಿ ಪೆಟ್ರೋಲ್ ಇಲ್ಲದೆ ತನ್ನ ಟ್ಯಾಂಕುಗಳನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹೋಯಿತು. ಬಿಟ್ಟುಹೋದ ಒಂದು ಕಿಂಗ್ ಟೈಗರ್ ಆ ಊರಲ್ಲಿ ಇಂದಿಗೂ ನಿಂತಿದೆ. ಅದರ ಕವಚ ಟೈಗರ್‌ಗಿಂತಲೂ ದಪ್ಪ. ಏನು ಉಪಯೋಗವಾಯಿತು?

ಇಲ್ಲಿಗೆ ಜರ್ಮನಿಯ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. "ಒಂದು ಟೈಗರ್ ಎಷ್ಟು ಶತ್ರು ಟ್ಯಾಂಕ್ ಹೊಡೆಯಿತು ನೋಡಿ, ವಿಟ್‌ಮನ್ ನೋಡಿ" ಅನ್ನುತ್ತಾರೆ. ನೋಡಿದ್ದೇವೆ. 1944ರ ಜೂನ್ 13ಕ್ಕೆ ಫ್ರಾನ್ಸಿನ ವಿಲೇರ್-ಬೊಕಾಜ್‌ನಲ್ಲಿ ಆತ ಕೆಲವೇ ನಿಮಿಷಗಳಲ್ಲಿ ಬ್ರಿಟಿಷರ ಸಾಲುಗಟ್ಟಿದ ಗಾಡಿಗಳನ್ನು ಪುಡಿ ಮಾಡಿದ್ದು ನಿಜ. ಹೊಂಚು ಹಾಕಿ ಕೂತು ಹೊಡೆಯುವಾಗ, ದೂರದಿಂದ ಗುರಿ ಇಡುವಾಗ ಟೈಗರ್ ಭಯಂಕರವೇ, ಒಪ್ಪುತ್ತೇವೆ. ಅದೇ ದಿನ ಆತನ ಟೈಗರ್ ಕೂಡ ಪೆಟ್ಟು ತಿಂದು ನಿಂತಿತು, ಆಗಸ್ಟ್ 8ಕ್ಕೆ ಆತನೂ ಸತ್ತ, ಆ ತಿಂಗಳು ಮುಗಿಯುವುದರೊಳಗೆ ಜರ್ಮನಿ ಪ್ಯಾರಿಸ್ಸನ್ನೇ ಕಳೆದುಕೊಂಡಿತು. ಕಾಳಗ ಗೆಲ್ಲುವುದು ಬೇರೆ, ಯುದ್ಧ ಗೆಲ್ಲುವುದು ಬೇರೆ.

ಇನ್ನು ಕೆಲವರು, "ದುರ್ಬಲ ಟ್ಯಾಂಕ್ ದುರ್ಬಲ ಶತ್ರುವಿನ ಮೇಲಷ್ಟೇ ಗೆಲ್ಲುತ್ತದೆ, ಅದರಲ್ಲೇನು ವಿಶೇಷ?" ಅನ್ನಬಹುದು. ಅವರಿಗೆ ಅಮೆರಿಕದ ಲೀ ಟ್ಯಾಂಕ್ ತೋರಿಸುತ್ತೇವೆ. ಜರ್ಮನರ ಎದುರು ಅದು ಬೇಗ ಹಳತಾಯಿತು. ರಷ್ಯದ ಸೈನಿಕರು ಅದನ್ನು ಏಳು ಜನರ ಶವಪೆಟ್ಟಿಗೆ ಅಂತ ಬೈದರು. ಅದೇ ಲೀ, 1944ರ ಏಪ್ರಿಲ್ 13ಕ್ಕೆ ನಮ್ಮ ಇಂಫಾಲದ ಪಕ್ಕದ ನುನ್‌ಶಿಗುಮ್ ಗುಡ್ಡವನ್ನು ಹತ್ತಿತು. ಅಷ್ಟು ಕಡಿದಾದ ಏರಿನಲ್ಲಿ ಟ್ಯಾಂಕ್ ಬಂದೀತು ಅಂತ ಮೇಲಿದ್ದ ಜಪಾನೀಯರು ಕನಸಿನಲ್ಲೂ ಎಣಿಸಿರಲಿಲ್ಲ. ಜೊತೆಗೆ ನಡೆದವರು ನಮ್ಮ ಡೋಗ್ರಾ ಸಿಪಾಯಿಗಳು. ದಾಳಿಯ ಬ್ರಿಟಿಷ್ ಅಧಿಕಾರಿಗಳೆಲ್ಲ ಬಿದ್ದ ಮೇಲೆ ಕೆಳದರ್ಜೆಯವರೇ ಮುಂದೆ ನಿಂತು ಗುಡ್ಡ ಗೆದ್ದರು. ಇಂಫಾಲಕ್ಕೆ ಬಂದ ಜಪಾನೀಯರು ದುರ್ಬಲ ಶತ್ರುವಾಗಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಗುಡ್ಡ ಹತ್ತುವ ಟ್ಯಾಂಕ್, ಮತ್ತು ಅದರ ಜೊತೆ ಕಾಲ್ನಡಿಗೆಯಲ್ಲಿ ಹತ್ತುವ ಗಂಡಸುತನ.

ನಮ್ಮ ವಾದಕ್ಕೆ ಸಾಕ್ಷಿ ಜಪಾನೇ ಹೇಳಿದೆ. 1943ರಲ್ಲಿ ಜಪಾನ್ ಜರ್ಮನಿಯಿಂದ ಒಂದು ಟೈಗರ್ ಕೊಂಡುಕೊಂಡಿತು. ಹಣ ಕೊಟ್ಟಿತು. ಆದರೆ ಶತ್ರು ತುಂಬಿದ ಸಮುದ್ರ ದಾಟಿಸಿ ಅದನ್ನು ಊರಿಗೆ ಒಯ್ಯುವ ದಾರಿ ಸಿಗಲಿಲ್ಲ. ಕೊನೆಗೆ 1944ರಲ್ಲಿ ಅದನ್ನು ಜರ್ಮನ್ ಸೈನ್ಯಕ್ಕೇ ಬಾಡಿಗೆಗೆ ಬಿಟ್ಟಿತು! ಜಗತ್ತಿನ ದೊಡ್ಡ ಟ್ಯಾಂಕ್ ಜಪಾನಿನದಾಗಿತ್ತು, ಆದರೆ ಜಪಾನ್ ಮುಟ್ಟಲಿಲ್ಲ. ಮನೆಗೆ ತರಲಾಗದ ಎತ್ತಿನ ಕೋಡು ಎಷ್ಟು ಚೂಪಾಗಿದ್ದರೇನು?

ಇದರ ಬಗ್ಗೆ ಇಷ್ಟು ಕಾವು ಯಾಕೆ, ಎಂಬತ್ತು ವರ್ಷದ ಹಳೆಯ ಕಬ್ಬಿಣ ಅಲ್ಲವೇ, ಅಂತ ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಎರಡು ಕಾರಣ ಇವೆ.

ಒಂದು, ಮಿಲಿಮೀಟರ್ ಲೆಕ್ಕದ ಹಿಂದೆ ಒಂದು ಸುಳ್ಳು ಬರುತ್ತದೆ: "ಜರ್ಮನಿಯದು ಎಲ್ಲದರಲ್ಲೂ ಮೇಲು, ಪಾಪ, ಸಂಖ್ಯೆ ಕಡಿಮೆಯಾಗಿ ಸೋತಿತು" ಅಂತ. ಆ ಪಾಪ ನಮಗೆ ಬೇಡ. ಟೈಗರ್ ಹುಟ್ಟಿದ ಕಾಸೆಲ್ ಊರಿನ ಕಾರ್ಖಾನೆಯಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದವರು ದುಡಿದರು. ವಿಟ್‌ಮನ್ ತೊಟ್ಟದ್ದು ಎಸ್‌ಎಸ್ ಸಮವಸ್ತ್ರ. ಹಾಗೆಯೇ ಲುವೊಯಾಂಗ್‌ಗೆ ನುಗ್ಗಿದ ಚಿ-ಹಾಕ್ಕೂ ಚಪ್ಪಾಳೆ ಬೇಡ, ಅದು ಹೋದದ್ದು ಬೇರೆಯವರ ನೆಲ ಕಸಿಯಲು. ತಮ್ಮ ಉಕ್ಕು, ಎಣ್ಣೆ, ಹಡಗು ತಡೆಯಲಾರದಷ್ಟು ದೊಡ್ಡ ಯುದ್ಧಕ್ಕೆ ಇಬ್ಬರ ದೊರೆಗಳೂ ಕೈ ಹಾಕಿದರು. ಒಬ್ಬರು ತೆಳು ತಗಡಿನಲ್ಲಿ, ಇನ್ನೊಬ್ಬರು ಎಣ್ಣೆಯಿಲ್ಲದ ಬೆಟ್ಟದಂಥ ಗಾಡಿಯಲ್ಲಿ ತಮ್ಮ ಹುಡುಗರನ್ನು ಕೂಡಿಸಿ ಕಳಿಸಿದರು.

ಎರಡು, ನಮ್ಮ ಮಕ್ಕಳು. ದಪ್ಪ ಎಷ್ಟು, ಭಾರ ಎಷ್ಟು ಅಂತ ಹೇಳಿದವನಿಗೆ ಬಹುಮಾನ, "ಹೆಂಗ್ರಿ" ಅಂತ ಕೇಳಿದವಳಿಗೆ ನಗು. ಇದನ್ನೇ ವರ್ಷವಿಡೀ ಕಲಿಸಿದರೆ ಅವರು ಇತಿಹಾಸ ಕಲಿಯುವುದಿಲ್ಲ, ಪಟ್ಟಿ ಕಲಿಯುತ್ತಾರೆ. ಟ್ಯಾಂಕ್ ಬಲಶಾಲಿಯೋ ಅಂತ ಕೇಳುವ ಮುನ್ನ ಕೇಳಿಸಿ: ಯಾವ ವರ್ಷ? ಯಾವ ನೆಲ? ಎದುರಿಗೆ ಯಾರು? ಎಣ್ಣೆ ಎಲ್ಲಿಂದ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಒಳಗೆ ಎಷ್ಟು ಜನ, ಅವರವರ ಕೆಲಸ ಏನು? ಈ ಆರು ಪ್ರಶ್ನೆಗೆ ಉತ್ತರ ಬಂದ ಮೇಲೆ ಮಿಲಿಮೀಟರ್ ಹೇಳಲಿ, ಕೇಳುತ್ತೇವೆ.

ಕೊಟ್ಟ ಬಹುಮಾನ ಹಿಂದಕ್ಕೆ ತಗೊಳ್ಳುವುದಿಲ್ಲ, ಅಂಕಿ ಬಾಯಿಪಾಠ ಮಾಡಿದ ಹುಡುಗರ ಶ್ರಮವೂ ಶ್ರಮವೇ. ಆದರೆ ಬರುವ ಶನಿವಾರ ಅದೇ ವಿಷಯ ಮತ್ತೆ ಇಡುತ್ತೇವೆ. ಈ ಸಲ ಮೊದಲು ಮಾತಾಡುವವಳು ಆ ಹುಡುಗಿ. ನಾವು ತೀರ್ಪುಗಾರರ ಕುರ್ಚಿ ಬಿಟ್ಟು ಹುಡುಗರ ಸಾಲಿನಲ್ಲಿ ಕೂತು ಕೇಳುತ್ತೇವೆ.