ಬಾಟಲಿಯೊಳಗೆ ಬಳ್ಳಿ ಇಲ್ಲ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಸೊಸೆ ರಾಗಿ ಕೇಕು ಮಾಡಿದ್ದಳು. ನಮ್ಮ ಹೊಲದ್ದೇ ರಾಗಿ, ಜೊತೆಗೆ ಬೆಲ್ಲ. ಓವನ್ ನಮ್ಮಲ್ಲಿಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಷಲ್ ತೆಗೆದಿಟ್ಟು ಬೇಯಿಸಿದಳು. ಬಾಯಿಗಿಟ್ಟರೆ ರಾಗಿಯ ಘಮವೇ ಇಲ್ಲ! ಐಸ್‌ಕ್ಯಾಂಡಿ ತಿಂದ ಹಾಗೆ, ಹಿಂದೆಯೇ ಒಂದಿಷ್ಟು ಕಹಿ. "ಎಸೆನ್ಸ್ ಕೈಮೀರಿ ಬಿತ್ತು ಮಾವ" ಅಂದಳು.

ಬಾಟಲಿ ತಿರುಗಿಸಿ ನೋಡಿದೆ. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ಮುಂದೆ ದೊಡ್ಡದಾಗಿ ವೆನಿಲ್ಲಾ ಅಂತ, ಹೂವಿನ ಚಿತ್ರ ಬೇರೆ. ಹಿಂದೆ ಇರುವೆ ಸಾಲಿನಂತೆ 'ಆರ್ಟಿಫಿಶಿಯಲ್ ಫ್ಲೇವರ್'. ಅಂದರೆ ಬಳ್ಳಿಗೂ ಬಾಟಲಿಗೂ ನೆಂಟಸ್ತಿಕೆಯೇ ಇಲ್ಲ. ವೆನಿಲಿನ್ ಎಂಬ ರಾಸಾಯನಿಕ, ಹೆಚ್ಚಿನದು ಪೆಟ್ರೋಲಿಯಂ ಮೂಲದಿಂದ ಕಾರ್ಖಾನೆಯಲ್ಲಿ ತಯಾರಾದದ್ದು.

ಅದು ವಿಷ ಅಂತ ನಾನು ಹೇಳುತ್ತಿಲ್ಲ. ಕೋಡಿನ ಮುಖ್ಯ ಪರಿಮಳವೂ ವೆನಿಲಿನ್ನೇ, ಅದರ ಜೊತೆ ಇನ್ನೆಷ್ಟೋ ವಾಸನೆಗಳು ಸೇರಿರುತ್ತವೆ ಅಷ್ಟೆ. ನನ್ನ ತಕರಾರು ಹೆಸರಿನದು. ಈ ಪತ್ರಿಕೆ ಓದುವವರಲ್ಲಿ ವೆನಿಲ್ಲಾ ಬೆಳೆದವರಿದ್ದೀರಿ. ಬೆಳಗ್ಗೆ ಅರಳಿ ಅದೇ ದಿನ ಬಾಡುವ ಹೂವಿಗೆ ಒಂದೊಂದಕ್ಕೂ ಕಡ್ಡಿಯಿಂದ ಪರಾಗ ಮುಟ್ಟಿಸಿ, ಕೋಡು ಬಲಿಯಲು ಒಂಬತ್ತು ತಿಂಗಳು ಕಾದವರು. 2003ರಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ 3,000 ರೂಪಾಯಿ ದಾಟಿತ್ತು. ಬೆಲೆ ಏರಿದಾಗ ಕಂಪನಿಗಳು ಕೃತಕದ ಕಡೆ ಹೊರಳಿದವು, ಮಡಗಾಸ್ಕರಿನ ಬೆಳೆಯೂ ಚೇತರಿಸಿತು. ಆಮೇಲೆ ಬಿದ್ದ ಬೆಲೆಗೆ ಬಳ್ಳಿ ಕಿತ್ತು ಹಾಕಿದವರೆಷ್ಟು ಮಂದಿ! ಬೆಳೆಗಾರ ಸೋತ, ಅವನ ಬೆಳೆಯ ಹೆಸರು ಮಾತ್ರ ಬಾಟಲಿಯ ಮೇಲೆ ಗೆದ್ದಿತು.

ನಮ್ಮ ಸಾತನೂರು ಕಡೆಯವರಿಗೆ ಇದೇನು ಹೊಸದಲ್ಲ. ನೀರಿದ್ದ ಕಾಲದಲ್ಲಿ ಹುಳ ಸಾಕಿ, ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತವನು ನಾನು. ಪಾಲಿಯೆಸ್ಟರ್ ಸೀರೆಯನ್ನು 'ಸಿಲ್ಕ್' ಅಂತ ಮಾರುವುದನ್ನೂ ಕಂಡಿದ್ದೇನೆ. ಅದಕ್ಕೆ 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸಿಲ್ಕ್ ಮಾರ್ಕ್ ಶುರು ಮಾಡಿತು. ವೆನಿಲ್ಲಾ ಬಾಟಲಿಯ ಮುಂಭಾಗದಲ್ಲೇ, ಕನ್ನಡದಲ್ಲಿ, 'ಕೃತಕ' ಅಂತ ಯಾಕೆ ಬರೆಯಬಾರದು?

ಅಡುಗೆಮನೆಗೆ ನನ್ನ ಲೆಕ್ಕ ಇಷ್ಟು. ರಾಗಿ, ಬೆಲ್ಲದ ಕೇಕಿಗೆ ಏಲಕ್ಕಿ ಸಾಕು. ಮೊಟ್ಟೆ ಹಾಕಿದ ಮೈದಾ ಕೇಕಿಗೆ ಎಸೆನ್ಸ್ ಬೇಕೇ ಬೇಕೆಂದರೆ ಕಾಲು ಚಮಚದಿಂದ ಶುರುಮಾಡಿ. ಒಲೆಯ ಕಾವಿಗೆ ಪರಿಮಳ ಬಹಳಷ್ಟು ಹಾರಿಹೋಗುವುದರಿಂದ ದುಬಾರಿ ಕೋಡನ್ನು ಕೇಕಿಗೆ ಹಾಕುವುದು ದಂಡ. ಅದೇನಿದ್ದರೂ ಹಾಲಿಗೆ. ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜ ಕೆರೆದು, ಸಿಪ್ಪೆ ಸಮೇತ ಹಾಲಿನಲ್ಲಿ ಕಾಯಿಸಿ. ಆಮೇಲೆ ಸಿಪ್ಪೆ ತೊಳೆದು, ಚೆನ್ನಾಗಿ ಒಣಗಿಸಿ, ಸಕ್ಕರೆ ಡಬ್ಬಿಯಲ್ಲಿ ಹೂತಿಡಿ. ಮಲೆನಾಡಿನ ಪರಿಚಯದವರೊಬ್ಬರು ಕೊಟ್ಟ ಒಂದೇ ಕೋಡು ಎರಡು ತಿಂಗಳಿಂದ ನಮ್ಮ ಡಬ್ಬಿಯಲ್ಲಿದೆ. ಮೊಮ್ಮಗಳು ಸ್ಕೂಲಿಂದ ಬಂದವಳೇ ಮುಚ್ಚಳ ತೆಗೆದು ಮೂಸುತ್ತಾಳೆ. ಸಕ್ಕರೆ ಖಾಲಿಯಾಗುತ್ತಿರುವುದು ಮೂಸುವುದರಿಂದ ಮಾತ್ರ ಅಲ್ಲ ಅಂತ ಸೊಸೆಗೆ ಅನುಮಾನ.